ದೀಪ ಹಚ್ಚಿದ ಮೇಲೆ ಕೀಳದ ಎಲೆ

ನಿನ್ನೆ ಸಂಜೆ ಕೆಳಗಿನ ಫ್ಲ್ಯಾಟಿನಲ್ಲಿ ಯಾರೋ ದೊಡ್ಡಪತ್ರೆ ಬಜ್ಜಿ ಕರಿಯುತ್ತಿದ್ದರು. ಮಳೆ ಬೇರೆ. ಆ ದಪ್ಪ ಎಲೆ ಕಾದ ಎಣ್ಣೆಗೆ ಬಿದ್ದಾಗ ಏಳುವ ಓಮದಂಥ ಘಾಟು ಅರೆಕೆರೆಯ ನಮ್ಮ ಬಾಲ್ಕನಿವರೆಗೂ ಬಂತು. ಬೇರೆಯವರಿಗೆ ಬಾಯಲ್ಲಿ ನೀರೂರುತ್ತದೋ ಏನೋ, ನನಗೆ ಓನರ್ ಆಂಟಿ ನೆನಪಾದರು.

ಆಗ ನಾವು ಯಡಿಯೂರು ಕೆರೆ ಹಿಂದಿನ ಬೀದಿಯಲ್ಲಿ ಬಾಡಿಗೆಗಿದ್ದೆವು. ಕೆಳಗೆ ಮನೆ ಓನರ್ ಅಂಕಲ್, ಆಂಟಿ. ಮೇಲೆ ನಾವು. ನಮ್ಮ ತಲೆಯ ಮೇಲೆ ಟೆರೇಸು, ಅದು ಪೂರ್ತಿ ಆಂಟಿಯ ರಾಜ್ಯ. ಒಡೆದ ಬಕೆಟ್ಟು, ಪೇಂಟ್ ಡಬ್ಬ, ಹಳೇ ಸಿಂಕು... ಮಣ್ಣು ಹಿಡಿಯುವಂಥದ್ದು ಏನು ಸಿಕ್ಕರೂ ಅದರಲ್ಲೊಂದು ಗಿಡ. ಬೇಸಿಗೆಗೆ ಒಂದೆಲಗದ ಚಟ್ನಿ, ಮಳೆಗಾಲಕ್ಕೆ ಮಜ್ಜಿಗೆಹುಲ್ಲಿನ ಕಷಾಯ, ನೆಗಡಿಗೆ ದೊಡ್ಡಪತ್ರೆ. ಹಳೇ ಬ್ಲೌಸ್ ಪೀಸಿನಲ್ಲಿ ಪುಟ್ಟ ಚೀಲ ಹೊಲಿದು, ಒಣಗಿದ ಮರುಗವನ್ನೂ ಲಾವಂಚದ ಬೇರನ್ನೂ ತುಂಬಿ, “ರೇಷ್ಮೆ ಸೀರೆ ಮಧ್ಯೆ ಇಟ್ಕೊಳಮ್ಮ” ಎಂದು ಕೊಡುತ್ತಿದ್ದರು. ಗೋಡೆಗೊಂದು ಮೊಳೆ ಹೊಡೆದರೆ ಹಾರಾಡುವ ಓನರ್‌ಗಳ ಊರಿನಲ್ಲಿ ಇಂಥವರು ನಮಗೆ ಸಿಕ್ಕಿದ್ದರು.

ಅವರದು ಒಂದೇ ಕಟ್ಟಳೆ. ಸಂಜೆ ತುಳಸಿಗೆ ದೀಪ ಹಚ್ಚಿದ ಮೇಲೆ ಎಲೆ ಕೀಳುವಂತಿಲ್ಲ. ಗಿಡ ಮಲಗಿರುತ್ತದೆ, ಮುಟ್ಟಬಾರದು. ನಮ್ಮತ್ತೆಗೆ ಈ ಮಾತು ಬಹಳ ಹಿಡಿಸಿತ್ತು. ಅವರೂ ಅಂಥವರೇ. ದೀಪ ಹಚ್ಚಿದ ಮೇಲೆ ಉಪ್ಪು ಕೊಡಬಾರದು, ಹೆಪ್ಪು ಕೊಡಬಾರದು, ಕಸ ಆಚೆ ಹಾಕಬಾರದು. ಇಬ್ಬರೂ ಮೆಟ್ಟಿಲ ಮೇಲೆ ಕೂತು ಶುರುಮಾಡಿದರೆ ಬಾರದುಗಳು ಮುಗಿಯುತ್ತಲೇ ಇರಲಿಲ್ಲ. ನಾನು ಒಳಗೆ ಸಾರು ಕುದಿಸುತ್ತಾ ನಗುತ್ತಿದ್ದೆ.

ಮಗಳಿಗೆ ಇನ್ನೂ ವರ್ಷ ತುಂಬಿರಲಿಲ್ಲ. ನೆಗಡಿಯಾದಾಗಲೆಲ್ಲ ಅತ್ತೆ ಆಂಟಿಯ ದೊಡ್ಡಪತ್ರೆಯನ್ನು ಕಾವಲಿಯ ಮೇಲೆ ಬಾಡಿಸಿ, ರಸ ಹಿಂಡಿ ಮಗುವಿನ ನಾಲಗೆಗೆ ಹಚ್ಚುತ್ತಿದ್ದರು. ಕಡಿಮೆಯೂ ಆಗುತ್ತಿತ್ತು. ಅದೇ ತೊಂದರೆಯಾಯಿತು ನೋಡಿ. ಆ ಸಲ ಕಡಿಮೆಯಾಗಲಿಲ್ಲ.

ಅವತ್ತು ಮಧ್ಯಾಹ್ನದಿಂದ ಮಗು ಹಾಲು ಬಿಟ್ಟಿತ್ತು. ಅಳುವುದನ್ನೂ ನಿಲ್ಲಿಸಿತ್ತು... ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ನಮ್ಮವರು ಕೆಲಸದ ಮೇಲೆ ಮೈಸೂರಿಗೆ ಹೋಗಿದ್ದರು, ಫೋನು ಸಿಗುತ್ತಿರಲಿಲ್ಲ.

“ಆಸ್ಪತ್ರೆಗೆ ಹೋಗೋಣ ಅತ್ತೆ” ಎಂದೆ.

“ಸುಮ್ನಿರೇ. ಮಕ್ಕಳಿಗೆ ನೆಗಡಿ ಬರದೆ ಕಲ್ಲಿಗೆ ಬರುತ್ತಾ? ಅಲ್ಲಿ ಸೂಜಿ ಚುಚ್ಚಿ ಗೋಳು ಹೊಯ್ಕೋತಾರೆ ಅಷ್ಟೆ. ಇನ್ನೊಂದ್ಸಲ ರಸ ಹಾಕಿದ್ರೆ ಬೆಳಿಗ್ಗೆ ಎದ್ದು ಆಡ್ತಾಳೆ” ಎಂದು ಅತ್ತೆ ಮಗುವನ್ನು ಇನ್ನೂ ಬಿಗಿಯಾಗಿ ಮಡಿಲಿಗೆಳೆದುಕೊಂಡರು. ಮೊಮ್ಮಗಳೆಂದರೆ ಅವರಿಗೆ ಪ್ರಾಣ. ಎದುರು ಮಾತಾಡಿ ಗೆದ್ದವರು ಮಾತ್ರ ಆ ಮನೆಯಲ್ಲಿ ಯಾರೂ ಇರಲಿಲ್ಲ.

ಅಷ್ಟರಲ್ಲಿ ಆಂಟಿ ಟೆರೇಸಿನಲ್ಲಿ ದೀಪ ಹಚ್ಚಿ, ಎಣ್ಣೆ ಬಟ್ಟಲು ಹಿಡಿದು ಇಳಿದು ಬಂದರು. ಅತ್ತೆ ಬಾಗಿಲಿಂದಲೇ ಕೂಗಿದರು. “ಬನ್ನಿ ಇಲ್ಲಿ, ಸ್ವಲ್ಪ ದೊಡ್ಡಪತ್ರೆ ಬೇಕಿತ್ತು ಮಗೂಗೆ.”

ಆಂಟಿ ಒಳಗೆ ಬಂದು ಮಗುವಿನ ಫ್ರಾಕು ಎತ್ತಿ ನೋಡಿದರು. ಉಸಿರೆಳೆದಾಗಲೆಲ್ಲ ಮಗುವಿನ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಅವರು ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಎದ್ದು ನಿಂತು, ಮುಖ ಗಂಟಿಕ್ಕಿಕೊಂಡು, “ದೀಪ ಹಚ್ಚಾಯ್ತಲ್ಲ. ಇನ್ನು ನಾನು ಗಿಡ ಮುಟ್ಟಲ್ಲ” ಎಂದರು.

ನಾನು ಅವರ ಸೆರಗು ಹಿಡಿದುಕೊಂಡೆ. “ಆಂಟಿ, ನಿಮ್ಮ ಕಾಲಿಗೆ ಬೀಳ್ತೀನಿ, ಎರಡೇ ಎಲೆ...”

“ಆಗಲ್ಲಮ್ಮ. ಬೆಳಿಗ್ಗೆ ಬಾ, ಕೊಡ್ತೀನಿ. ಈಗ್ಲೇ ಆಗ್ಬೇಕು ಅಂದ್ರೆ ಡಾಕ್ಟರ್ ಹತ್ರ ಹೋಗು.”

ಅಷ್ಟು ಹೇಳಿ ಮತ್ತೆ ಮೇಲೆ ಹತ್ತಿ ಟೆರೇಸಿನ ಬಾಗಿಲಿಗೆ ಬೀಗ ಹಾಕಿ, ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ನಮ್ಮ ಮುಂದೆಯೇ ದಡದಡ ಇಳಿದು ಹೋದರು! ಕಟ್ಟಳೆ ಮುರಿಯಿರಿ ಎಂದು ಅತ್ತೆ ಯಾವ ಬಾಯಲ್ಲಿ ಹೇಳಿಯಾರು? ಮಗುವಿನ ಗಂಟಲಲ್ಲಿ ಗೊರಗೊರ ಜೋರಾಯಿತು. ಕೊನೆಗೆ ಅತ್ತೆಯೇ, “ಅವಳ ಮನೆ ಹಾಳಾಗ, ಕಲ್ಲು ಮನಸ್ಸಿನವಳು. ನಡಿಯೇ, ಆಟೋ ಹಿಡಿ” ಎಂದು ಎದ್ದರು.

ಗೇಟಿನ ಹತ್ತಿರ ಅಂಕಲ್ ಆಗಲೇ ಆಟೋ ನಿಲ್ಲಿಸಿಕೊಂಡಿದ್ದರು. ಯಾಕೆ, ಏನು ಎಂದು ಕೇಳುವ ಸ್ಥಿತಿಯಲ್ಲಿ ನಾವಿರಲಿಲ್ಲ. ಸೌತ್ ಎಂಡ್ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಆಟೋ ಸಿಕ್ಕಿಕೊಂಡಾಗ ಮಗುವಿನ ತುಟಿ ಬಣ್ಣ ಕಳೆದುಕೊಳ್ಳುವುದನ್ನು ನೋಡುತ್ತಾ ಕೂತಿದ್ದೆ. ದೇವರೇ... ಆ ಕೆಂಪು ಸಿಗ್ನಲ್ಲನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ಆಸ್ಪತ್ರೆಯಲ್ಲಿ ಮಗುವನ್ನು ನನ್ನ ಕೈಯಿಂದ ಕಿತ್ತುಕೊಂಡು ಓಡಿದರು. ನ್ಯುಮೋನಿಯಾ. ಆಕ್ಸಿಜನ್ ಹಾಕಿದರು. ಅಪಾಯ ಕಳೆದ ಮೇಲೆ ಡಾಕ್ಟರ್ ನನಗೊಬ್ಬಳಿಗೇ ಹೇಳಿದರು: “ಬೆಳಿಗ್ಗೆವರೆಗೂ ಕಾದಿದ್ರೆ ಮಗು ಸಿಗ್ತಿರ್ಲಿಲ್ಲಮ್ಮ.” ಅತ್ತೆ ಹೊರಗೆ ಬೆಂಚಿನ ಮೇಲೆ ಕೂತು ದೇವರ ನಾಮ ಹೇಳಿಕೊಳ್ಳುತ್ತಿದ್ದರು.

ಮನೆಗೆ ಬಂದ ಮೇಲೆ ಬಟ್ಟೆ ಒಣಹಾಕಲು ಟೆರೇಸಿಗೆ ಹೋದೆ. ಆಂಟಿ ನೀರು ಹಾಕುತ್ತಿದ್ದರು. ನಾನು ಮುಖ ತಿರುಗಿಸಿಕೊಂಡೆ. ಅವರೇ ಹತ್ತಿರ ಬಂದರು.

“ಗಿಡ ಏನ್ ಮಲಗುತ್ತೆ ಬಿಡಮ್ಮ. ಮಗು ಪಕ್ಕೆ ಎಳೀತಿತ್ತು. ಅದಕ್ಕೆ ನನ್ನ ಎಲೆ ಸಾಲಲ್ಲ. ಆಸ್ಪತ್ರೆಗೆ ಹೋಗಿ ಅಂದ್ರೆ ನಿಮ್ಮತ್ತೆ ಕೇಳ್ತಿದ್ರಾ? ಎಲೆ ಕೊಟ್ಟಿದ್ರೆ ರಸ ಹಾಕ್ಕೊಂಡು ಬೆಳಗಿನವರೆಗೂ ಕಾಯ್ತಿದ್ರು.”

ಬಟ್ಟೆ ಕೆಳಗೆ ಹಾಕಿ ಅವರನ್ನು ತಬ್ಬಿಕೊಂಡು ಅತ್ತುಬಿಟ್ಟೆ.

“ನಿಮ್ಮತ್ತೆಗೆ ಮಾತ್ರ ಹೇಳ್ಬೇಡ. ತನ್ನಿಂದ ಮಗು ಹೋಗ್ತಿತ್ತು ಅಂತ ಗೊತ್ತಾದ್ರೆ ಆ ಜೀವ ತಡ್ಕೊಳಲ್ಲ. ನನ್ನ ಮೇಲೆ ಕೋಪ ತಾನೆ? ಇರ್ಲಿ ಬಿಡು.”

ಅದು ಇದ್ದೇ ಇತ್ತು. ಅತ್ತೆ ಅವರೊಂದಿಗೆ ಮತ್ತೆ ಮೆಟ್ಟಿಲ ಮೇಲೆ ಕೂರಲಿಲ್ಲ. ಮಗಳ ಮೊದಲ ಹುಟ್ಟುಹಬ್ಬಕ್ಕೆ ಬೀದಿಯವರನ್ನೆಲ್ಲ ಕರೆದೆವು, ಕೆಳಗಿನ ಮನೆಯವರನ್ನು ಕರೆಯಲು ಅತ್ತೆ ಬಿಡಲಿಲ್ಲ. ಅಷ್ಟಾದರೂ ಆಂಟಿ ಇಟ್ಟುಹೋದ ಸಕ್ಕರೆ ಅಚ್ಚಿನ ಪೊಟ್ಟಣವೊಂದು ನಮ್ಮ ಕಿಟಕಿಯಲ್ಲಿತ್ತು. ಆಮೇಲೆ ನಾವು ಅರೆಕೆರೆಗೆ ಬಂದೆವು. ಆಂಟಿ ತೀರಿಕೊಂಡ ಸುದ್ದಿ ಬಂದಾಗ ನಾನೊಬ್ಬಳೇ ಹೋಗಿ ಬಂದೆ. ಅತ್ತೆ ಕೊನೆಯವರೆಗೂ ಆ ಕಥೆಯನ್ನು ಮೊಮ್ಮಗಳಿಗೆ ತಮ್ಮ ಲೆಕ್ಕದಲ್ಲೇ ಹೇಳುತ್ತಿದ್ದರು. ಇವಳಿಗೆ ಆಕೆ ‘ಎಲೆ ಕೊಡದ ಆಂಟಿ’ ಆಗಿಬಿಟ್ಟಿದ್ದರು. ನಾನು ಮಾತು ಕೊಟ್ಟಿದ್ದೆ. ಪ್ರತಿ ಸಲವೂ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಿದ್ದೆ.

ಹೋದ ವರ್ಷ ಅತ್ತೆಯೂ ಹೋದರು. ಇನ್ನು ನೋಯುವವರು ಯಾರೂ ಇಲ್ಲ. ನಿನ್ನೆ ಕಾಲೇಜಿನಿಂದ ಬಂದ ಮಗಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ.

“ಅಮ್ಮಾ, ಅವರ ಮುಖ ನೋಡ್ಬೇಕು. ನನ್ನ ಬರ್ತ್‌ಡೇ ಆಲ್ಬಮ್ ತೆಗಿ” ಎಂದಳು.

ಬೀದಿಯವರೆಲ್ಲ ಇದ್ದು ಕೆಳಗಿನ ಮನೆಯವರು ಮಾತ್ರ ಇಲ್ಲದ ಆ ಆಲ್ಬಮ್ ತೆಗೆದು ಕೊಡಲು ನನ್ನ ಕೈ ಬರಲಿಲ್ಲ.