ದೇವರ ಮುಂದಿಟ್ಟ ಕಾರ್ಡು

ನಮ್ಮೂರಿನ ಆಶಾ ಕಾರ್ಯಕರ್ತೆ ಯಾರ ಮನೆಗೆ ಹೋದರೂ ಗುಲಾಬಿ ಸೀರೆಯ ಸೆರಗಿನಿಂದ ಮುಖ ಒರೆಸಿಕೊಂಡು, ಮೊದಲು ಕೇಳುವುದು ಒಂದೇ ಮಾತು: "ಕಾರ್ಡು ಎಲ್ಲಿಟ್ಟೀರಿ?" ಮದುವೆ ಊಟದ ಪಂಕ್ತಿಯಲ್ಲೂ ಕೇಳಿದ್ದುಂಟು.

ನನ್ನ ಅತ್ತೆಯ ಹೃದಯದ ಆಪರೇಷನ್ನಿಗೆಂದು ನಾವೆಲ್ಲ ಮನೆಗೆ ಬೀಗ ಹಾಕಿ ಹುಬ್ಬಳ್ಳಿಗೆ ಹೊರಟಾಗಲೂ, ಕಾರಿನ ಕಿಟಕಿಗೆ ಬಗ್ಗಿ ಅದನ್ನೇ ಕೇಳಿದಳು. ಶಿರಸಿ ಸರಕಾರಿ ಆಸ್ಪತ್ರೆಯವರು ಕೊಟ್ಟ ಪತ್ರ ಚೀಲದಲ್ಲಿತ್ತು. ರೇಷನ್ ಕಾರ್ಡು ಇರಲಿಲ್ಲ. ಒಳ್ಳೆಯದಾಗಲೆಂದು ಅತ್ತೆ ಅದನ್ನು ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ಅಲ್ಲೇ ಮರೆತಿದ್ದರು. ಅದನ್ನು ತೋರಿಸಿದರಷ್ಟೇ ಸರಕಾರದ ಯೋಜನೆಯಲ್ಲಿ ಆಪರೇಷನ್ ಪುಕ್ಕಟೆ. ಇಲ್ಲದಿದ್ದರೆ ನನ್ನ ಬಂಗಾರದ ಬಳೆ ಒತ್ತೆಗೆ.

"ಹೊರಟ ಮೇಲೆ ಹಿಂದೆ ತಿರುಗಲಾಗ," ಎಂದು ಅತ್ತೆ ಹಟ ಹಿಡಿದರು.

"ನೀವು ತಿರುಗೂದು ಬ್ಯಾಡ ಅಮ್ಮಾ. ನಾನೇನು ಹೊರಟವಳಲ್ವಲ್ಲ," ಎಂದು ಅವಳು ಕೈಚಾಚಿದಳು.

ಅವಳನ್ನು ಎಂದೂ ಜಗಲಿ ದಾಟಿ ಒಳಗೆ ಕರೆಯದ ಅತ್ತೆ ಸೊಂಟದ ಬೀಗದಕೈ ಬಿಚ್ಚಿ ಕೊಟ್ಟರು. "ದೇವರ ಕೋಣೇಲಿದ್ದು ತಂಗಿ. ಹಾಂಗೇ ದೀಪಕ್ಕೆ ಒಂಚೂರು ಎಣ್ಣೆ ಹಾಕಿಕ್ಕೆ ಬಾ."

ದೇವರು ದೊಡ್ಡವನು. ಅತ್ತೆ ಗಟ್ಟಿಯಾಗಿದ್ದಾರೆ, ಬಳೆ ನನ್ನ ಕೈಯಲ್ಲೇ ಇದೆ. ಈಗ ನಾನು ತರಕಾರಿಗೆ ಹೊರಟರೂ ಅತ್ತೆ ಅಡುಗೆಮನೆಯಿಂದ ಕೂಗುತ್ತಾರೆ: "ಕಾರ್ಡು ಎಲ್ಲಿಟ್ಟೆ?" ಅವರ ಪಕ್ಕದಲ್ಲಿ ಚಾ ಕುಡಿಯುತ್ತ ಕೂತ ಅವಳು ಸೆರಗು ಬಾಯಿಗೊತ್ತಿ ನಗುತ್ತಾಳೆ.