ಏಳರ ಮಗ್ಗಿ ಮತ್ತು ನನ್ನ ‘ಕೇಳ್ರಿ’

೨೦೦೫ರ ಮಾತು. ಕಲಬುರಗಿಯ ಒಂದು ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾನು ಪ್ರೋಗ್ರಾಮಿಂಗ್ ಕಲಿಸುತ್ತಿದ್ದೆ. ನನ್ನ ಶಿಸ್ತು ಬಹಳ ಖಡಕ್. ಗಾಜಿಪುರ ಬಡಾವಣೆಯ ನಮ್ಮ ಮನೆಯಲ್ಲಿ ಒಂದು ಚಮಚ ಕೂಡ ತನ್ನ ಜಾಗ ಬಿಟ್ಟು ಕದಲುವಂತಿರಲಿಲ್ಲ. ಅದೇ ಶಿಸ್ತಿನಲ್ಲಿ ವಿದ್ಯಾರ್ಥಿಗಳಿಗಾಗಿ ಇಂಟರ್ನೆಟ್‌ನಲ್ಲಿ ಒಂದು ಚರ್ಚಾ ವೇದಿಕೆ ಶುರುಮಾಡಿದ್ದೆ. ಪ್ರೋಗ್ರಾಂ ಬರೆಯುವಾಗ ಎಲ್ಲಾದರೂ ಸಿಕ್ಕಿಹಾಕಿಕೊಂಡವರು ಅಲ್ಲಿ ಬಂದು ಕೇಳಲಿ, ಗೊತ್ತಿದ್ದವರು ಉತ್ತರ ಬರೆಯಲಿ ಎಂಬುದು ನನ್ನ ಆಸೆ.

ವೇದಿಕೆಯಲ್ಲಿ ಎರಡು ವಿಭಾಗ. ಮೇಲಿನದು ನನ್ನ ಪಾಠ ಮತ್ತು ಸೂಚನೆಗಳಿಗೆ. ಅದಕ್ಕೆ ‘ಕೇಳ್ರಿ’ ಎಂದು ಹೆಸರಿಟ್ಟಿದ್ದೆ. ಆಗ ಎಲ್ಲ ಕಂಪ್ಯೂಟರ್‌ಗಳಲ್ಲೂ ಕನ್ನಡ ಸರಿಯಾಗಿ ಮೂಡುತ್ತಿರಲಿಲ್ಲ, ಹಾಗಾಗಿ ಕನ್ನಡವನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುತ್ತಿದ್ದೆವು. ಕೆಳಗಿನ ವಿಭಾಗ ಪ್ರಶ್ನೆಗಳಿಗೆ. ಅಲ್ಲಿ ಇಂಗ್ಲಿಷಿನಲ್ಲೇ ಬರೆಯಬೇಕು, ಮೊದಲು ಪುಸ್ತಕ ನೋಡಿರಬೇಕು, ಬಾಲಿಶ ಪ್ರಶ್ನೆ ಕೇಳಕೂಡದು ಎಂದೆಲ್ಲ ಹನ್ನೆರಡು ನಿಯಮ. ಹೊರಗಿನವರೂ ಸೇರಬಹುದಿದ್ದುದರಿಂದ ಹೆಸರು ನೋಂದಾಯಿಸಿದವರು ಬಹಳ ಜನ. ಬರೆಯುವವರು ಮೂರೋ ನಾಲ್ಕೋ. ಅವರೂ ‘ಥ್ಯಾಂಕ್ಯೂ ಮೇಡಂ’ ಎಂದು ಮಾಯವಾಗುತ್ತಿದ್ದರು.

ಕೇಂದ್ರದ ಮಾಲೀಕರು ಒಂದು ದಿನ ಕರೆದು, ಬಿಕೋ ಎನ್ನುವ ಜಾಗಕ್ಕೆ ಇಷ್ಟು ಸಮಯ ಯಾಕೆ ಕೊಡುತ್ತೀರಿ, ದಸರೆಯೊಳಗೆ ಜನ ಬರೆಯದಿದ್ದರೆ ಮುಚ್ಚಿಬಿಡೋಣ ಎಂದರು. ಅವರ ಎದುರು ತಲೆಯಾಡಿಸಿದೆ. ಮನೆಗೆ ಬಂದಾಗ ಕಣ್ಣು ತುಂಬಿ ಬಂತು.

ಅದೇ ವಾರ ‘ಕೇಳ್ರಿ’ ವಿಭಾಗದಲ್ಲಿ, ನನ್ನ ಪಾಠದ ಕೆಳಗೆ, ‘ಮಹಾದೇವಿ, ಕಮಲಾಪುರ’ ಎಂಬ ಹೆಸರಿನಲ್ಲಿ ಒಂದು ಸಾಲು ಕಾಣಿಸಿತು: “ಏಳರ ಮಗ್ಗಿ ಬರವಲ್ದುರೀ. ಏನ್ ಮಾಡ್ಲಿ?”

ಪಿತ್ತ ನೆತ್ತಿಗೇರಿತು. ಏಳರ ಮಗ್ಗಿ ಬಾರದವರಿಗೆ ಪ್ರೋಗ್ರಾಮಿಂಗ್ ವೇದಿಕೆಯಲ್ಲಿ ಏನು ಕೆಲಸ? ಯಾರೋ ಚೇಷ್ಟೆ ಮಾಡುತ್ತಿದ್ದಾರೆಂದು ಅಳಿಸಿಹಾಕಿದೆ. ಮರುದಿನ ಮತ್ತೆ ಅದೇ ಸಾಲು. ಮತ್ತೆ ಅಳಿಸಿ, ಇದು ಪ್ರಶ್ನೆ ಹಾಕುವ ಜಾಗವಲ್ಲ, ಮೇಲಿನ ಹೆಸರು ಓದಲು ಬರುವುದಿಲ್ಲವೇ ಎಂದು ಕಟುವಾಗಿ ಬರೆದೆ.

ಉತ್ತರ ಬಂತು: “ಓದೇ ಬರದೀನ್ರಿ. ಕೇಳ್ರಿ ಅಂತ ನೀವೇ ಹಾಕೀರಲ್ಲ, ಅದಕ್ಕ ಕೇಳೀನಿ.”

ನಾನು ಬೆಪ್ಪಾದೆ. ನಾನು ಹೇಳುತ್ತೇನೆ, ನೀವು ಕೇಳಿಸಿಕೊಳ್ಳಿ ಎಂಬ ಅರ್ಥದಲ್ಲಿ ನಾನು ಆ ಹೆಸರಿಟ್ಟಿದ್ದೆ. ಆಕೆ ಅದನ್ನು, ಏನಿದ್ದರೂ ಪ್ರಶ್ನೆ ಹಾಕಿ ಎಂದು ಓದಿಕೊಂಡಿದ್ದಳು. ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಮಾತು! ಇಡೀ ವರ್ಷ ಅದು ನನಗೆ ಹೊಳೆದೇ ಇರಲಿಲ್ಲ. ಕೂಡಲೇ ಕ್ಷಮೆ ಕೇಳಿ ಬರೆದೆ. ಆಕೆಯಿಂದ ಉತ್ತರವಿಲ್ಲ. ಒಂದು ವಾರ ಕಾದೆ. ತಾನಾಗಿ ಕೇಳಲು ಬಂದ ಒಬ್ಬಳನ್ನೂ ನಾನೇ ಓಡಿಸಿದೆನಲ್ಲ ಎಂದು ಊಟ ಸೇರದಾಯಿತು.

ಭಾನುವಾರ ಹುಮನಾಬಾದ್ ಬಸ್ ಹತ್ತಿ ಕಮಲಾಪುರದಲ್ಲಿ ಇಳಿದೆ. ಬಸ್ ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣು ಮಾರುತ್ತಿದ್ದ ಹೆಂಗಸನ್ನು ವಿಚಾರಿಸಿದರೆ, ಲೆಕ್ಕದ ಟೀಚರ್ ಅಲ್ಲೇನ್ರಿ ಎಂದು ಮನೆಯ ದಾರಿ ತೋರಿಸಿದಳು. ಲೆಕ್ಕದ ಟೀಚರ್! ಮಗ್ಗಿ ಬಾರದವಳೆಂದು ನಾನು ತಿಳಿದದ್ದು ಇವರನ್ನೇ.

ಮಹಾದೇವಿ ಟೀಚರ್‌ಗೆ ನನಗಿಂತ ಹತ್ತು ವರ್ಷವಾದರೂ ಹೆಚ್ಚು ವಯಸ್ಸು. ನಾನು ಯಾರೆಂದು ಹೇಳಿದೊಡನೆ ಅವರೇ ತಪ್ಪಾಯಿತೆಂದು ಕೈಮುಗಿದಾಗ ನಾಚಿಕೆಯಿಂದ ಕುಗ್ಗಿಹೋದೆ. ಅವರ ಹೈಸ್ಕೂಲಿಗೆ ಕಂಪ್ಯೂಟರ್ ಬಂದಿತ್ತು. ಲೆಕ್ಕದವರೆಂದು ಇವರಿಗೇ ಅದನ್ನು ಕಲಿಸುವ ಕೆಲಸ ಬಿದ್ದಿತ್ತು. ಪುಸ್ತಕ ನೋಡಿ, ಏಳರ ಮಗ್ಗಿ ಬರೆದು ತೋರಿಸುವ ಪ್ರೋಗ್ರಾಂ ಮಾಡಿದ್ದರು. ಪರದೆಯ ಮೇಲೆ ಮಗ್ಗಿ ಬರುತ್ತಿರಲಿಲ್ಲ. ‘ಬರವಲ್ದು’ ಅಂದದ್ದು ಅದಕ್ಕೆ.

ನೋಟ್‌ಬುಕ್ ತೋರಿಸಿದರು. ತಪ್ಪು ತಕ್ಷಣ ಕಂಡಿತು. ಅದನ್ನು ಹೇಳುವ ಮೊದಲು, ಕೆಳಗಿನ ಪ್ರಶ್ನೆಗಳ ವಿಭಾಗದಲ್ಲಿ ಯಾಕೆ ಬರೆಯಲಿಲ್ಲ ಎಂದು ವಿಚಾರಿಸಿದೆ.

“ಹನ್ನೆರಡು ನಿಯಮ ಓದೂದ್ರಾಗ ನನ್ನ ಪ್ರಶ್ನಿನೇ ಮರ್ತುಹೋತ್ರಿ” ಎಂದು ನಕ್ಕರು. ಆಮೇಲೆ ಹೇಳಿದರು: “ಸಿಟ್ಟಾಗಬ್ಯಾಡ್ರಿ ಮೇಡಂ. ಯಾರರೆ ಕೇಳಿದ್ರ ನೀವೇ ಪಟ್ನ ಹೇಳಿಬಿಡ್ತೀರಿ. ನೀವು ಹೇಳಿದ ಮ್ಯಾಲೆ ಉಳದವರು ಬಾಯಿ ಹ್ಯಾಂಗ ತಗೀಬೇಕು?”

ಆ ತಪ್ಪನ್ನು ನಾನು ಹೇಳಲಿಲ್ಲ. ಇಡೀ ಪ್ರೋಗ್ರಾಂ ವೇದಿಕೆಯಲ್ಲಿ ನೀವೇ ಹಾಕಿ, ಮೂರು ದಿನ ನಾನು ತುಟಿ ಪಿಟಕ್ಕೆನ್ನುವುದಿಲ್ಲ ಎಂದು ಮಾತು ಕೊಟ್ಟೆ. ಅವರು ಕೊಟ್ಟ ಬಾಳೆಹಣ್ಣು ಚೀಲದಲ್ಲಿಟ್ಟುಕೊಂಡು ಊರಿಗೆ ಬಂದೆ.

ಮರುದಿನ ವೇದಿಕೆಯನ್ನು ತಲೆಕೆಳಗು ಮಾಡಿದೆ. ನನ್ನ ಪಾಠಗಳು ಕೆಳಕ್ಕೆ ಹೋದವು. ಮೇಲಿನ ‘ಕೇಳ್ರಿ’ ಪ್ರಶ್ನೆಗಳದ್ದಾಯಿತು, ಯಾವ ಭಾಷೆಯಲ್ಲಾದರೂ ಸರಿ. ಹನ್ನೆರಡು ನಿಯಮದಲ್ಲಿ ಒಂದನ್ನೂ ಉಳಿಸದೆ, ಯಾರ ಪ್ರಶ್ನೆಗೂ ನಗಬಾರದು ಎಂದಷ್ಟೇ ಬರೆದೆ. ಯಾರದೇ ಪ್ರಶ್ನೆಯಿರಲಿ, ಮೂರು ದಿನ ನಾನು ಉತ್ತರಿಸುವುದಿಲ್ಲ ಎಂದೂ ಸೇರಿಸಿದೆ.

ಟೀಚರ್ ಅಂದೇ ತಮ್ಮ ಪ್ರೋಗ್ರಾಂ ಹಾಕಿದರು. ಮೊದಲ ದಿನ ಯಾರೂ ಬರೆಯಲಿಲ್ಲ. ಎರಡನೆಯ ದಿನವೂ ಇಲ್ಲ. ಬರೆಯಲು ನನ್ನ ಕೈ ತುರಿಸುತ್ತಿತ್ತು, ಉತ್ತರವಿದ್ದದ್ದು ಒಂದೇ ಸಾಲಿನದು! ಮೂರನೆಯ ದಿನ ಸಂಜೆ ನೋಡಿದರೆ ಶಬಾನಾ ಬರೆದಿದ್ದಳು. ತಾಜಸುಲ್ತಾನಪುರದಿಂದ ದಿನಾ ನನ್ನ ಕ್ಲಾಸಿಗೆ ಬಂದು ಕೊನೆಯ ಬೆಂಚಿನಲ್ಲಿ ಕೂರುವ ಹುಡುಗಿ. ಅವಳ ದನಿ ಹೇಗಿದೆಯೆಂದೇ ನನಗೆ ಗೊತ್ತಿರಲಿಲ್ಲ.

“ಅಕ್ಕಾರ, while ಸಾಲಿನ ಕೊನೀಗಿರೋ ಸೆಮಿಕೋಲನ್ ತಗದು ನೋಡ್ರಿ. ನನಗೂ ಹಿಂಗೇ ಆಗಿತ್ತು, ಕೇಳಾಕ ಅಂಜಿದ್ದೆ.” ಆ ಒಂದು ಚಿಹ್ನೆಯಿಂದಾಗಿ ಪ್ರೋಗ್ರಾಂ ಅದೇ ಸಾಲಿನಲ್ಲಿ ಸುತ್ತುತ್ತಿತ್ತು, ಮಗ್ಗಿ ಬರೆಯುವ ಸಾಲಿಗೆ ಬರುತ್ತಲೇ ಇರಲಿಲ್ಲ.

ಎರಡು ದಿನದ ಮೇಲೆ ಟೀಚರ್ ಬರೆದರು: “ಬಂತ್ರೀ. ಏಳರ ಮಗ್ಗಿ ಪೂರಾ ಬಂತು.” ಅದರ ಕೆಳಗೆ, ನನಗೂ ಒಂದು ಕೇಳೋದಿದೆ ಎಂದು ಇನ್ನೊಬ್ಬರು, ಅವರ ಕೆಳಗೆ ಮತ್ತೊಬ್ಬರು. ದಸರೆಗೆ ಮುಚ್ಚುವ ಮಾತನ್ನು ಮಾಲೀಕರು ಎತ್ತಲೇ ಇಲ್ಲ. ಹಬ್ಬ ಮುಗಿದ ವಾರ ಅವರೇ ತಮ್ಮ ಹೆಸರಿನಲ್ಲಿ ಒಂದು ಪ್ರಶ್ನೆ ಹಾಕಿದ್ದರು. ಶಬಾನಾ ಉತ್ತರ ಕೊಟ್ಟಿದ್ದಳು.

ಆ ವೇದಿಕೆ ಈಗಿಲ್ಲ, ಜನ ಹೊಸ ಹೊಸ ಕಡೆ ಹೋದರು. ನಾನು ಇನ್ನೂ ಕಲಿಸುತ್ತಿದ್ದೇನೆ. ಕ್ಲಾಸಿನಲ್ಲಿ ಯಾರಾದರೂ ಅರ್ಧ ಕೈಯೆತ್ತಿ ಇಳಿಸಿದರೆ ಮಹಾದೇವಿ ಟೀಚರ್ ನೆನಪಾಗುತ್ತಾರೆ. ‘ಕೇಳ್ರಿ’ ಎನ್ನುತ್ತೇನೆ. ಆಮೇಲೆ ಬಾಯಿ ಮುಚ್ಚಿಕೊಂಡು ನಾನೇ ಕೇಳುತ್ತೇನೆ.