ಧಣ್ಯಾರ ಕಡೆಯ ವೀರಭದ್ರಪ್ಪ ಕಾಕಾ

ವೀರಭದ್ರಪ್ಪ ಕಾಕಾ ಕಾಲವನ್ನು ಅಳೆಯುತ್ತಿದ್ದದ್ದು ಚುನಾವಣೆಗಳಿಂದ. ನಾನು ಹುಟ್ಟಿದ್ದು ಯಾವಾಗ ಎಂದು ಅವ್ವ ತಡವರಿಸಿದರೆ ಪಕ್ಕದ ತನ್ನ ಹಿಟ್ಟಿನ ಗಿರಣಿಯಿಂದಲೇ ಕೂಗಿ ಹೇಳುತ್ತಿದ್ದ: "ಧಣ್ಯಾರು ಮೊದಲ್ನೇ ಸಲ ಸೋತ್ರಲ್ಲ, ಆ ಮಳಿಗಾಲದಾಗ!" ಹುಬ್ಬು ಮೀಸೆಗಳ ಮೇಲೆ ಸದಾ ಜೋಳದ ಹಿಟ್ಟು. ನಗುವಾಗ ಅದು ಉದುರುತ್ತಿತ್ತು.

ಗಂಗಾವತಿಯ ಅಕ್ಕಿ ಗಿರಣಿಗಳ ಬೆನ್ನಿಗೆ ಬೆಳೆದ ನಮ್ಮ ಓಣಿ ಪೂರ್ತಿ ಪೇಟೆಯೂ ಅಲ್ಲ, ಹಳ್ಳಿಯೂ ಅಲ್ಲ. ನಮ್ಮ ಕ್ಷೇತ್ರದಲ್ಲಿ ಒಮ್ಮೆ ಧಣಿ ಗೆದ್ದರೆ ಇನ್ನೊಮ್ಮೆ ವಕೀಲ ಸಾಹೇಬರು. ಇಬ್ಬರೂ ಪಕ್ಷ ಬದಲಿಸಿದ್ದುಂಟು, ಚಿಹ್ನೆ ಬದಲಿಸಿದ್ದುಂಟು, ಎದುರುಬದುರು ನಿಲ್ಲುವುದನ್ನು ಮಾತ್ರ ಬಿಟ್ಟಿರಲಿಲ್ಲ. ಕಾಲುವೆ ಕಡೆಯ ಊರುಗಳು ವಕೀಲರಿಗೆ, ಮಳೆ ನಂಬಿದ ಹಳ್ಳಿಗಳು ಧಣಿಗೆ. ಉಳಿದದ್ದು ಊರಂಚಿನ ನಮ್ಮಂಥ ಓಣಿಗಳು. "ನಮ್ಮ ಓಣಿ ಯಾ ಕಡಿ ವಾಲ್ತೈತಿ, ವಿಧಾನಸೌಧ ಆ ಕಡಿ ನೋಡ್ರಿ," ಎನ್ನುತ್ತಿದ್ದ ಕಾಕಾ. ಅವನು ಧಣಿಯ ಕಡೆಯವನು. ಒಮ್ಮೆ ಅವರು ಇವನ ಹೆಗಲ ಮೇಲೆ ಕೈಯಿಟ್ಟು ಹೆಸರು ಹಿಡಿದು ಕರೆದಿದ್ದರಂತೆ. ಅಷ್ಟೇ ಸಾಕಾಗಿತ್ತು.

ಕಾಕಾನ ತಮ್ಮ ಹನುಮಂತ ಟ್ರ್ಯಾಕ್ಟರ್ ಓಡಿಸುತ್ತಿದ್ದ, ವಕೀಲರ ಕಡೆಯವನು. ಮೊದಮೊದಲು ಅಣ್ಣತಮ್ಮರು ಒಂದೇ ತಾಟಿನಲ್ಲಿ ಉಣ್ಣುತ್ತ ಬೈದಾಡುವುದು ಓಣಿಗೆಲ್ಲ ತಮಾಷೆ. ಕೊಪ್ಪಳ ಜಿಲ್ಲೆಯಾದ ಮೇಲಿನ ಮೊದಲ ಚುನಾವಣೆಯಲ್ಲಿ ಹನುಮಂತ ಮನೆಯ ಮಾಳಿಗೆ ಮೇಲೆ ವಕೀಲರ ಬಾವುಟ ಕಟ್ಟಿದ. ಕಾಕಾ ಹತ್ತಿ ಹೋಗಿ ಕಿತ್ತೆಸೆದ. ಹನುಮಂತ ಎಲ್ಲರೆದುರು ಅಣ್ಣನ ಅಂಗಿ ಹಿಡಿದ.

"ಇವತ್ತಿಗೆ ನೀ ನನ್ನ ಪಾಲಿಗೆ ಸತ್ತಿ," ಅಂದ ಕಾಕಾ.

ನಿಂತು ನಗುತ್ತಿದ್ದ ನಾವೆಲ್ಲ ಬೆಚ್ಚಿಬಿದ್ದೆವು. ಅಂದಿನಿಂದ ಒಂದೇ ಅಂಗಳದಲ್ಲಿ ಎರಡು ಒಲೆ.

ಹನುಮಂತನ ಮಗಳ ಮದುವೆ ಹೇಮಗುಡ್ಡದ ದುರ್ಗಾದೇವಿ ಗುಡಿಯಲ್ಲಿ. ವಾಜಂತ್ರಿಯವರು ಊದುತ್ತ ಬಾರಿಸುತ್ತ ಓಣಿ ದಾಟುವಾಗ ಕಾಕಾನ ಗಿರಣಿ ಒಂದೇ ಸಮ ಗುಡುಗುತ್ತಿತ್ತು. ಇಣುಕಿ ನೋಡಿದೆ. ಒಳಗೆ ಕಾಳೇ ಇರಲಿಲ್ಲ. ಬರಿಗಲ್ಲು ತಿರುಗುತ್ತಿತ್ತು, ಅವನು ಗೋಡೆಗೆ ಮುಖ ಮಾಡಿ ಕೂತಿದ್ದ.

ಮುಂದೊಂದು ಚುನಾವಣೆಯ ಹೊತ್ತಿಗೆ ಹನುಮಂತನಿಗೆ ಎದೆನೋವು. ಕಾಕಾ ಪ್ರಚಾರಕ್ಕೆ ಕನಕಗಿರಿ ಕಡೆ ಹೊರಡಲು ಜೀಪಿನ ಬಳಿ ನಿಂತಿದ್ದಾಗ ತಮ್ಮನ ಹೆಂಡತಿ ಬಸಮ್ಮ ದವಾಖಾನೆಯಿಂದ ಓಡಿ ಬಂದಳು.

"ಭಾವಾರ, ಅಣ್ಣನ್ನ ಕರೀರಿ ಅನ್ನಾಕ ಹತ್ಯಾರ. ಒಂದೀಟು ಬರ್ರಿ."

"ಎಲೆಕ್ಷನ್ ಬಂದಾಗ ಅಣ್ಣ ನೆಪ್ಪಾದ್ನೇನು? ಓಣಿ ವೋಟು ಬೇಕಾಗ್ಯಾವ ಅವಗ."

ಜೀಪು ಹತ್ತಿ ಹೋದ. ಸಂಜೆ ಮರಳಿದಾಗ ಅಂಗಳದಲ್ಲಿ ಹನುಮಂತನ ಹೆಣ. ಕಾಕಾ ಅಳಲಿಲ್ಲ. ಆ ಸಲ ಧಣಿ ಗೆದ್ದರು. ಮೆರವಣಿಗೆಯವರು ಹಿಟ್ಟು ಮೆತ್ತಿದ ಅವನ ಮುಖಕ್ಕೆ ಗುಲಾಲು ಬಳಿದರು. ಒರೆಸಿಕೊಳ್ಳಲಿಲ್ಲ.

ಮತ್ತೆ ಚುನಾವಣೆ ಬಂತು. ಧಣಿ, ವಕೀಲರು ಒಂದಾಗುತ್ತಾರಂತೆ ಎಂಬ ಸುದ್ದಿ ಹಬ್ಬಿತು. "ಹುಚ್ಚದೀರೇನು? ಈ ಜನ್ಮದಾಗ ಆಗೂದಲ್ಲ ಅದು," ಎಂದು ನನ್ನನ್ನೂ ಎಳೆದುಕೊಂಡು ಕಾಕಾ ಗಂಗಾವತಿಯ ಸಭೆಗೆ ಹೋದ. ಮುಂದಿನ ಸಾಲಿನಲ್ಲೇ ಕೂತೆವು. ವಕೀಲರು ವೇದಿಕೆ ಹತ್ತಿದರು. ಧಣಿ ಎದ್ದು ತಬ್ಬಿಕೊಂಡರು. ಜನ ಸಿಳ್ಳೆ ಹಾಕಿತು. ನನಗೆ ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಈ ಸಲ ಟಿಕೆಟ್ ವಕೀಲರಿಗೆ, ಮುಂದಿನ ಸಲ ಧಣಿಯ ಮಗನಿಗೆ ಎಂದು ಮಾತಾಗಿತ್ತಂತೆ.

ಧಣಿ ಮೈಕ್ ಹಿಡಿದರು. "ವಕೀಲರು ನನ್ನ ತಮ್ಮ ಇದ್ದಂಗ. ನಮ್ಮ ಜಗಳ ಬರೇ ರಾಜಕೀಯದ್ದು. ಮನಸಿನಾಗ ಏನೂ ಇರಲಿಲ್ಲ."

ಕಾಕಾ ಎದ್ದು ನಿಂತ.

"ಧಣ್ಯಾರ! ಮತ್ತ ನನ್ನ ತಮ್ಮ?"

ಜೈಕಾರ ಹಾಕುತ್ತಿದ್ದಾನೆಂದು ತಿಳಿದು ಧಣಿ ಅವನತ್ತ ಕೈ ಬೀಸಿದರು. ಸುತ್ತಲಿನವರು ಚಪ್ಪಾಳೆ ತಟ್ಟಿದರು.

ಮನೆಗೆ ಬಂದವನು ನೆಟ್ಟಗೆ ಬಸಮ್ಮನ ಬಾಗಿಲಿಗೆ ಹೋದ. "ತಪ್ಪಾತವ್ವಾ," ಅಂದ.

ಬಸಮ್ಮ ಬಾಗಿಲು ಪೂರ್ತಿ ತೆರೆದಳು. "ಒಳಗ ಬರ್ರಿ ಭಾವಾರ. ಬರ್ರಿ ಅನ್ನಾಕ ನಾ ಅದೀನಿ. ಅವರು ದವಾಖಾನ್ಯಾಗ ಬಾಗಿಲಾ ನೋಡಿಕೋತ ಹೋದ್ರು."

ಕಾಕಾ ಹೊಸ್ತಿಲ ಹೊರಗೇ ಕೂತ. ಅವಳು ಅಲ್ಲಿಗೇ ರೊಟ್ಟಿ ತಂದಿಟ್ಟಳು.

ವಕೀಲರು ಸುಲಭವಾಗಿ ಗೆದ್ದರು. ಮುಂದಿನ ಚುನಾವಣೆ ಹತ್ತಿರವಾದಾಗ, "ಈ ಸಲ ಯಾರು ಕಾಕಾ?" ಎಂದು ರೂಢಿಯಂತೆ ಕೇಳಿದೆ.

"ಯಾರು ನಿಂತ್ರೂ ಗೆಲ್ಲಾವ್ರು ಅವರಿಬ್ರು," ಅಂದ. "ಸೋತಾವ್ರು ನಾವಿಬ್ರು ಅಣ್ಣತಮ್ಮರು." ಅವನು ನನ್ನೊಂದಿಗೆ ಆಡಿದ ಕೊನೆಯ ಮಾತು ಅದು.

ಕಾಕಾನ ಮಣ್ಣಿಗೆ ಧಣಿ, ವಕೀಲರು ಒಂದೇ ಕಾರಿನಲ್ಲಿ ಬಂದರು, ಜೊತೆಗೆ ಫೋಟೊದವರು. ಇಬ್ಬರೂ ಚಟ್ಟದ ಮುಂದಿನ ತುದಿಗಳಿಗೆ ಹೆಗಲು ಕೊಡಲು ಬಾಗಿದರು. ಬಸಮ್ಮ ಅಡ್ಡ ಬಂದು ನಿಂತಳು.

"ಸರೀರಿ. ಮನಿ ಮಂದಿ ಅದೀವಿ."

ಹನುಮಂತನ ಮಗ ಮುಂದೆ ಬಂದು ದೊಡ್ಡಪ್ಪನಿಗೆ ಹೆಗಲು ಕೊಟ್ಟ. ಚಟ್ಟ ಓಣಿ ದಾಟಿತು. ಆ ಇಬ್ಬರು ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯದೆ ಅಂಗಳದಲ್ಲೇ ನಿಂತಿದ್ದರು.